ಮನೆಯ ಬಾವಿ, ಬೋರ್‌ವೆಲ್ ಪಂಪಿಗೆ ಎನ್‌ಆರ್‌ವಿ: ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು, ಸೋರಿದರೆ ಪತ್ತೆ ಹಚ್ಚುವುದು ಹೇಗೆ

ರಾತ್ರಿ ಟ್ಯಾಂಕು ತುಂಬಿಸಿ ಮಲಗಿದ್ದಾಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟರ್ ತಿರುಗುತ್ತದೆ, ನೀರು ಮಾತ್ರ ಎತ್ತುವುದಿಲ್ಲ. ಪಂಪಿನ ಮೇಲಿನ ಬಿರಡೆ ಬಿಚ್ಚಿ ಒಂದು ಬಕೆಟ್ ನೀರು ಹುಯ್ದರೆ ಆಮೇಲೆ ಬರುತ್ತದೆ. ಮಲೆನಾಡಿನ ಬಾವಿ ಇರುವ ಮನೆಗಳಲ್ಲಿ ಇದು ತೀರಾ ಮಾಮೂಲಿ ಕಾಯಿಲೆ. ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ಮನೆಗಳಲ್ಲಿ ಅದೇ ಕಾಯಿಲೆ ಬೇರೆ ರೂಪದಲ್ಲಿ ಬರುತ್ತದೆ: ಸ್ಟಾರ್ಟರ್ ಒತ್ತಿ ಒಂದೂವರೆ ನಿಮಿಷವಾದರೂ ಟ್ಯಾಂಕಿಗೆ ನೀರು ಬೀಳುವುದಿಲ್ಲ, ಬೀಳುವಾಗ ಪೈಪು ಡಬ್ ಎಂದು ಸದ್ದು ಮಾಡಿ ಅದುರುತ್ತದೆ. ಎರಡಕ್ಕೂ ಬಹುಪಾಲು ಒಂದೇ ಕಾರಣ. ಮೇಲೆ ಹೋದ ನೀರು ಕೆಳಗೆ ಇಳಿಯದಂತೆ ತಡೆಯಬೇಕಾದ ವಾಲು ತಡೆಯುತ್ತಿಲ್ಲ.

ಈ ವಾಲಿಗೆ ಅಂಗಡಿಯಲ್ಲಿ ಎನ್‌ಆರ್‌ವಿ ಅಥವಾ ನಾನ್ ರಿಟರ್ನ್ ವಾಲು ಎನ್ನುತ್ತಾರೆ. ಬಾವಿಯ ತಳದಲ್ಲಿ, ಸಕ್ಷನ್ ಪೈಪಿನ (ಬಾವಿಯಿಂದ ಪಂಪಿಗೆ ಬರುವ ಪೈಪು) ತುದಿಗೆ ಜಾಲರಿ ಸಮೇತ ಕೂರುವ ಎನ್‌ಆರ್‌ವಿಗೆ ಫುಟ್‌ವಾಲು ಎಂದು ಹೆಸರು. ಒಂದು ಮಾತು ಮೊದಲೇ ತಲೆಯಲ್ಲಿರಲಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ: ನೀರನ್ನು ಹಿಡಿದು ನಿಲ್ಲಿಸಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ವಾಲು. ಅದು ಸೋರುತ್ತಿದೆ ಎಂದು ಮೇಲೆ ಇನ್ನೊಂದು ಹಾಕಿದರೆ ಸೋರಿಕೆ ಕಣ್ಣಿಗೆ ಮರೆಯಾಗುತ್ತದೆ, ಹಾನಿ ಹೆಚ್ಚಾಗುತ್ತದೆ.

ಯಾವ ಜಾತಿಯ ವಾಲು ತರಬೇಕು

ಮನೆಯ ಕೆಲಸಕ್ಕೆ ಬರುವುದು ಮುಖ್ಯವಾಗಿ ಎರಡು. ಮೊದಲನೆಯದು ಬಾಗಿಲಿನ ಹಾಗೆ ತಿರುಗುಣಿಯ ಮೇಲೆ ತೆರೆಯುವ ಫ್ಲಾಪ್ ಮಾದರಿ. ಇದು ನೀರಿಗೆ ಕಡಿಮೆ ತಡೆ ಒಡ್ಡುತ್ತದೆ, ಆದರೆ ತನ್ನ ತೂಕದಿಂದಲೇ ಮುಚ್ಚಿಕೊಳ್ಳಬೇಕು. ಅಡ್ಡ ಪೈಪಿನಲ್ಲಿ ಮುಚ್ಚಳದ ಭಾಗ ಮೇಲಕ್ಕೆ ಬರುವಂತೆ, ಇಲ್ಲವೇ ನೀರು ಮೇಲಕ್ಕೇರುವ ನೆಟ್ಟಗಿನ ಪೈಪಿನಲ್ಲಿ ಮಾತ್ರ ಹಾಕಬೇಕು. ತಲೆಕೆಳಗಾಗಿ ಕೂರಿಸಿದರೆ ಫ್ಲಾಪ್ ಸದಾ ತೆರೆದೇ ಜೋತು ಬೀಳುತ್ತದೆ. ಎರಡನೆಯದು ಸ್ಪ್ರಿಂಗ್ ಮಾದರಿ. ಹೇಗೆ ಕೂರಿಸಿದರೂ ಮುಚ್ಚುತ್ತದೆ, ಬೇಗ ಮುಚ್ಚುತ್ತದೆ, ಆದ್ದರಿಂದ ಹೊಡೆತ ಕಡಿಮೆ. ಪಂಪಿನ ಡೆಲಿವರಿಗೂ (ಪಂಪಿನಿಂದ ಟ್ಯಾಂಕಿಗೆ ಹೋಗುವ ಪೈಪು) ಬೋರ್‌ವೆಲ್‌ಗೂ ಸ್ಪ್ರಿಂಗ್ ಇರುವ ಹಿತ್ತಾಳೆ ಅಥವಾ ಗನ್‌ಮೆಟಲ್ ವಾಲನ್ನೇ ತನ್ನಿ. ಸಕ್ಷನ್ ಕಡೆಗೆ ಸ್ಪ್ರಿಂಗ್ ಎಷ್ಟು ಮೆದುವಾಗಿದ್ದರೆ ಅಷ್ಟು ಒಳ್ಳೆಯದು. ಅಲ್ಲಿ ಪ್ರತಿ ಅಡಿ ಎಳೆತಕ್ಕೂ ಬೆಲೆಯಿದೆ.

ಅಳತೆ ಪೈಪಿನದ್ದೇ ಇರಲಿ. 1 ಇಂಚಿನ ಡೆಲಿವರಿಗೆ 1 ಇಂಚಿನ ವಾಲು. ದೊಡ್ಡದಿದ್ದರೆ ಒಳ್ಳೆಯದೆಂದು 1½ ಇಂಚಿನದು ಹಾಕಿದರೆ, ಇರುವ ನೀರಿನ ರಭಸಕ್ಕೆ ಅದು ಪೂರ್ತಿ ತೆರೆಯದೆ ಕಟಕಟ ಬಡಿದುಕೊಳ್ಳುತ್ತದೆ, ವರ್ಷದೊಳಗೆ ಸೀಟು, ಅಂದರೆ ಮುಚ್ಚಳ ಕೂರುವ ಅಂಚು, ಸವೆಯುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಮೈಮೇಲಿನ ಬಾಣದ ಗುರುತು ಮೇಲ್ಮುಖವಾಗಿರುವಂತೆ ಹಿಡಿದು ಮೇಲಿನ ಬಾಯಿಗೆ ನೀರು ತುಂಬಿ, ಕೆಳಗೆ ಒಂದು ಒಣ ಕಾಗದ ಇಟ್ಟು ಐದು ನಿಮಿಷ ಬಿಡಿ. ಕಾಗದದ ಮೇಲೆ ಹನಿ ಬೀಳಬಾರದು. ಹೆಚ್ಚಿನ ಒತ್ತಡ ಬಿದ್ದಾಗ ಫ್ಲಾಪ್ ಹೇಗೂ ಬಿಗಿಯಾಗಿ ಕೂರುತ್ತದೆ. ಎರಡಿಂಚು ನೀರಿಗೇ ಹಿಡಿಯುವ ವಾಲು ನಿಜವಾಗಿ ಒಳ್ಳೆಯ ವಾಲು.

ತೆರೆದ ಬಾವಿ: ಫುಟ್‌ವಾಲು ಕೂರಿಸುವುದು

ಮೊದಲು ಎತ್ತರದ ಲೆಕ್ಕ. ಪಂಪು ನೀರನ್ನು ಎಳೆಯುವುದಿಲ್ಲ, ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 34 ಅಡಿ ನೀರಿಗೆ ಸಮ. ಹಾಸನ, ಚಿಕ್ಕಮಗಳೂರು ಪಟ್ಟಣಗಳು ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ, ಇಲ್ಲಿ ಅದು ಸುಮಾರು 30 ಅಡಿ ಮಾತ್ರ. ಪೈಪಿನ ತಿಕ್ಕಾಟ, ಫುಟ್‌ವಾಲಿನ ತಡೆ ಎಲ್ಲ ಕಳೆದರೆ, ಪಂಪಿನ ಡಬ್ಬಿಯ ಮೇಲೆ 25 ಅಡಿ ಸಕ್ಷನ್ ಎಂದು ಬರೆದಿದ್ದರೂ ನಮ್ಮಲ್ಲಿ 20–21 ಅಡಿಗೆ ಲೆಕ್ಕ ಹಾಕುವುದು ಕ್ಷೇಮ. ಗಿರಿಯ ಮಗ್ಗುಲಿನ ತೋಟದ ಮನೆಗಳಲ್ಲಿ ಇನ್ನೂ ಕಡಿಮೆ.

ಈ ಅಳತೆಯನ್ನು ಮಳೆಗಾಲದಲ್ಲಿ ತೆಗೆದುಕೊಂಡವರು ಬೇಸಿಗೆಯಲ್ಲಿ ಕಷ್ಟಪಡುತ್ತಾರೆ. ಆಗಸ್ಟಿನಲ್ಲಿ ಕೊಡ ಬಗ್ಗಿಸಿದರೆ ಸಿಗುವ ನೀರು ಏಪ್ರಿಲ್ ಕೊನೆಗೆ ತಳ ಹಿಡಿದಿರುತ್ತದೆ. ಪಂಪಿನಿಂದ ಬೇಸಿಗೆಯ ನೀರಿನ ಮಟ್ಟಕ್ಕೆ ಹಗ್ಗ ಬಿಟ್ಟು ಅಳೆಯಿರಿ. 20 ಅಡಿ ದಾಟಿದರೆ ಫುಟ್‌ವಾಲು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಪಂಪನ್ನು ಬಾವಿಯೊಳಗೆ ಕಟ್ಟೆ ಮಾಡಿ ಇಳಿಸಬೇಕು, ಇಲ್ಲವೇ ಜೆಟ್ ಪಂಪು ಅಥವಾ ನೀರಿನಲ್ಲೇ ಮುಳುಗಿ ಓಡುವ ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ ಹೋಗಬೇಕು.

ಕೂರಿಸುವ ಕ್ರಮ:

1. ಮೇನ್ ಸ್ವಿಚ್ ತೆಗೆದು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಸಕ್ಷನ್ ಪೈಪನ್ನು ಪಂಪಿನ ಹತ್ತಿರದ, ಬಿಚ್ಚಿ ಜೋಡಿಸಬಹುದಾದ ಜಾಯಿಂಟಾದ ಯೂನಿಯನ್‌ನಲ್ಲಿ ಬಿಡಿಸಿ ಮೇಲಕ್ಕೆ ಎಳೆದುಕೊಳ್ಳಿ. ಇದಕ್ಕಾಗಿ ಬಾವಿಗೆ ಇಳಿಯಬೇಡಿ. ಹಳೆಯ, ಮುಚ್ಚಿದ ಬಾವಿಗಳ ತಳದಲ್ಲಿ ಉಸಿರಾಡುವ ಗಾಳಿ ಇಲ್ಲದೆ ಜೀವ ಹೋದ ಪ್ರಸಂಗಗಳು ಬೇಕಾದಷ್ಟಿವೆ.

2. ಪಂಪಿನ ಸಕ್ಷನ್ ಬಾಯಿ 1 ಇಂಚು ಇದ್ದು ಪೈಪಿನ ಉದ್ದ 20 ಅಡಿಗಿಂತ ಹೆಚ್ಚಿದ್ದರೆ ಪೈಪೂ ಫುಟ್‌ವಾಲೂ 1¼ ಇಂಚಿನದಿರಲಿ. ಜಾಲರಿಯ ತೂತುಗಳನ್ನೆಲ್ಲ ಕೂಡಿಸಿದರೆ ಪೈಪಿನ ಬಾಯಿಯ ಎರಡು–ಮೂರು ಪಟ್ಟಾದರೂ ಇರಬೇಕು.

3. ಗರಣೆಗೆ (ತಿರುಪಿನ ಎಳೆಗಳಿಗೆ) ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ಹತ್ತು–ಹನ್ನೆರಡು ಸುತ್ತು ಸುತ್ತಿ. ಮೊದಲ ಎಳೆ ಖಾಲಿ ಬಿಡಿ. ತುದಿಯವರೆಗೂ ಸುತ್ತಿದರೆ ಟೇಪಿನ ಚೂರು ಒಳಗೆ ನೇತಾಡಿ ಫ್ಲಾಪಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೊಸ ವಾಲು ಮೊದಲ ದಿನವೇ ಸೋರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

4. ಹಿತ್ತಾಳೆಯ ಗಂಡು ಗರಣೆಯನ್ನು ಬರೀ ಪಿವಿಸಿಯ ಹೆಣ್ಣು ಗರಣೆಗೆ ತಿರುಗಿಸಬೇಡಿ, ಸೀಳುತ್ತದೆ. ಒಳಗೆ ಹಿತ್ತಾಳೆ ಬಳೆ ಇರುವ, ಹೆಣ್ಣು ಗರಣೆಯ ಜೋಡಣೆ ತುಂಡಾದ ಎಫ್‌ಟಿಎ ಸಿಗುತ್ತದೆ, ಅದನ್ನು ಬಳಸಿ.

5. ಸೊಲ್ಯೂಷನ್ (ಪಿವಿಸಿ ಅಂಟು) ಹಚ್ಚುವ ಜೋಡಣೆಗಳನ್ನೆಲ್ಲ ವಾಲು ಹಾಕುವ ಮುಂಚೆಯೇ ಮುಗಿಸಿ. ಒಂದು ಹನಿ ಒಳಗೆ ಇಳಿದು ಫ್ಲಾಪಿಗೆ ತಾಕಿದರೆ ಅದು ಅಂಟಿಕೊಂಡೇ ಬಿಡುತ್ತದೆ. ಮಳೆಗಾಲದ ಥಂಡಿಗೆ ಸೊಲ್ಯೂಷನ್ ಒಣಗುವುದು ನಿಧಾನ, ಒಂದು ರಾತ್ರಿ ಪೂರ್ತಿ ಬಿಡಿ.

6. ಬಾವಿಗೆ ಬಿಡುವ ಮುಂಚೆ ಪೈಪನ್ನು ನೆಟ್ಟಗೆ ಹಿಡಿದು ಮೇಲಿನಿಂದ ನೀರು ತುಂಬಿ. ಹತ್ತು ನಿಮಿಷ ಮಟ್ಟ ಇಳಿಯದಿದ್ದರೆ ಸರಿ.

7. ಫುಟ್‌ವಾಲು ತಳದಿಂದ ಒಂದೂವರೆ ಅಡಿ ಮೇಲಿರಲಿ, ಬೇಸಿಗೆಯಲ್ಲೂ ಅದರ ಮೇಲೆ ಎರಡು ಅಡಿ ನೀರು ನಿಲ್ಲುವಂತಿರಲಿ. ತಳಕ್ಕೆ ತಾಕಿಸಿದರೆ ಕೆಸರು, ಮೇಲಾದರೆ ಸುಳಿ ಎದ್ದು ಗಾಳಿ. ಪೈಪಿನ ಭಾರವನ್ನು ಪಂಪಿನ ಕೊರಳಿಗೆ ಬಿಡಬೇಡಿ. ನೈಲಾನ್ ಹಗ್ಗವನ್ನು ವಾಲಿನ ಕುತ್ತಿಗೆಗೆ ಕಟ್ಟಿ ಬಾವಿಕಟ್ಟೆಯ ಗೂಟಕ್ಕೆ ಬಿಗಿಯಿರಿ. ಮುಂದೆ ಮೇಲೆತ್ತುವುದಕ್ಕೂ ಅದೇ ಹಗ್ಗ.

8. ಬಾವಿಯಿಂದ ಪಂಪಿನವರೆಗಿನ ಅಡ್ಡ ಪೈಪು ಪಂಪಿನ ಕಡೆಗೆ ಒಂದೇ ಸಮ ಏರುತ್ತಾ ಹೋಗಬೇಕು. ನಡುವೆ ಉಬ್ಬು ಬಂದರೆ ಅಲ್ಲಿ ಗಾಳಿ ಕೂರುತ್ತದೆ.

ಅಡಿಕೆ ಸಿಪ್ಪೆ, ಎಲೆಚೂರು ಬರುತ್ತದೆಂದು ಜಾಲರಿಗೆ ಸೊಳ್ಳೆಪರದೆ ಬಿಗಿಯಾಗಿ ಸುತ್ತುವ ಅಭ್ಯಾಸ ಹಲವು ಕಡೆ ಇದೆ. ಹದಿನೈದು ದಿನಕ್ಕೆ ಪರದೆಗೆ ಪಾಚಿ ಹಿಡಿದು ನೀರು ನುಗ್ಗಲು ದಾರಿಯಿಲ್ಲದೆ ಪಂಪು ಜಲ್ಲಿಕಲ್ಲು ತುಂಬಿದಂತೆ ಗೊರಗೊರ ಸದ್ದು ಮಾಡುತ್ತದೆ. ಪರದೆ ಬೇಕೇ ಬೇಕೆಂದರೆ ಒಂದು ತೂತಿನ ಪ್ಲಾಸ್ಟಿಕ್ ಬುಟ್ಟಿಯೊಳಗೆ ಫುಟ್‌ವಾಲು ಇಟ್ಟು ಬುಟ್ಟಿಗೆ ಪರದೆ ಸುತ್ತಿ. ಬಾವಿಯ ಬಾಯಿಗೇ ಬಲೆ ಹಾಕುವುದು ಅದಕ್ಕಿಂತ ಉತ್ತಮ.

ಡೆಲಿವರಿಯಲ್ಲಿ ಎರಡನೆಯ ವಾಲು

ತಗ್ಗಿನಲ್ಲಿ ಬಾವಿ, ಗುಡ್ಡದ ಮೇಲೆ ಮನೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಇದೇ ಹೆಚ್ಚು. ಪಂಪು ನಿಂತ ಕ್ಷಣ ಅಷ್ಟು ಎತ್ತರದ ನೀರಿನ ಹೊಡೆತವೆಲ್ಲ ಪಂಪಿನ ಮೈ ಮೂಲಕ ಫುಟ್‌ವಾಲಿನ ಮೇಲೆ ಬೀಳುತ್ತದೆ. 40–50 ಅಡಿಗಿಂತ ಹೆಚ್ಚು ಏರು ಇದ್ದರೆ ಪಂಪಿನ ಡೆಲಿವರಿಗೆ ಇನ್ನೊಂದು ಎನ್‌ಆರ್‌ವಿ ಬೇಕು. ಇದು ಫುಟ್‌ವಾಲಿಗೆ ಬದಲಿಯಲ್ಲ, ಫುಟ್‌ವಾಲಿನ ಹೊರೆ ಇಳಿಸಲು.

ಪಂಪಿನಿಂದ ಹೊರಟಂತೆ ಜೋಡಣೆ ಹೀಗಿರಬೇಕು: ಒಂದು ಟೀ (ಮೂರು ಬಾಯಿಯ ಜಾಯಿಂಟು), ಟೀಯ ಕವಲಿಗೆ ಅರ್ಧ ಇಂಚಿನ ನಲ್ಲಿ, ನಂತರ ಯೂನಿಯನ್, ಹತ್ತು ಇಂಚು ನೇರ ಪೈಪು, ಎನ್‌ಆರ್‌ವಿ, ಅದರ ಮೇಲೆ ಗೇಟ್‌ವಾಲು. ಗೇಟ್‌ವಾಲು ಎನ್‌ಆರ್‌ವಿಯ ಮೇಲೇ ಇರಬೇಕು. ಅದನ್ನು ಮುಚ್ಚಿದರೆ ಗುಡ್ಡದ ಮೇಲಿನ ನೀರನ್ನೆಲ್ಲ ಇಳಿಸದೆ ಎನ್‌ಆರ್‌ವಿ ಬಿಚ್ಚಬಹುದು. ಎಲ್ಬೋಗೆ ತಾಗಿಸಿ ವಾಲು ಹಾಕಿದರೆ ತಿರುವಿನಲ್ಲಿ ಕದಡಿದ ನೀರು ಫ್ಲಾಪನ್ನು ಬಡಿಸುತ್ತದೆ, ಆ ಹತ್ತು ಇಂಚು ಅದಕ್ಕಾಗಿ.

ಟೀಯ ನಲ್ಲಿಯನ್ನು ಖರ್ಚು ಉಳಿಸಲು ಬಿಡುವವರೇ ಹೆಚ್ಚು. ಗಾಳಿಯನ್ನು ತಾನೇ ಹೊರದೂಡಿ ನೀರೆತ್ತುವ ಸೆಲ್ಫ್ ಪ್ರೈಮಿಂಗ್ ಪಂಪಿಗೆ ಅದು ಅತ್ಯಗತ್ಯ. ಸಕ್ಷನ್ನಿನಲ್ಲಿರುವ ಗಾಳಿಯನ್ನು ಪಂಪು ಹೊರಗೆ ದೂಡಬೇಕು, ಆದರೆ ಮೇಲಿನ ಎನ್‌ಆರ್‌ವಿಯ ತಲೆಯ ಮೇಲೆ 50 ಅಡಿ ನೀರು ಕೂತಿದೆ, ಬರೀ ಗಾಳಿಗೆ ಅದನ್ನು ಎತ್ತಲು ಶಕ್ತಿಯಿಲ್ಲ. ನಲ್ಲಿ ತೆರೆದು ಸ್ವಿಚ್ ಹಾಕಿದರೆ ಗಾಳಿ ಬುಸ್ ಎಂದು ಹೋಗಿ ನೀರು ಬರುತ್ತದೆ, ಆಗ ಮುಚ್ಚಿದರಾಯಿತು.

ವಾಲು ಬಿಗಿಯುವಾಗ ಎರಡು ರೆಂಚು ಬೇಕು. ಪೈಪು ತಿರುಗಿಸುವ ಬದಿಯ ಷಟ್ಕೋನವನ್ನೇ ಒಂದು ರೆಂಚಿನಲ್ಲಿ ಹಿಡಿಯಿರಿ. ಆಚೆ ಬದಿ ಹಿಡಿದರೆ ವಾಲಿನ ಮೈ ತಿರುಚಿ ಸೀಟು ಸೊಟ್ಟಗಾಗುತ್ತದೆ, ಹೊರಗಿನಿಂದ ಗೊತ್ತೂ ಆಗುವುದಿಲ್ಲ.

ಟ್ಯಾಂಕಿನ ಕಡೆ ಒಂದೇ ಎಚ್ಚರಿಕೆ: ಡೆಲಿವರಿ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರಬಾರದು, ತುಂಬಿದ ಮಟ್ಟಕ್ಕಿಂತ ನಾಲ್ಕು ಇಂಚು ಮೇಲಿರಬೇಕು. ಮುಳುಗಿದ್ದು ಕೆಳಗಿನ ವಾಲು ಸೋರಿದರೆ ಟ್ಯಾಂಕಿನ ನೀರೆಲ್ಲ ರಾತ್ರೋರಾತ್ರಿ ಬಾವಿಗೆ ವಾಪಸ್ ಹೋಗುತ್ತದೆ.

ಬೋರ್‌ವೆಲ್: ಮೇಲೆ ಹಾಕಿದ ವಾಲು ಮಾಡುವ ಹಾನಿ

ಹೆಚ್ಚಿನ 4 ಇಂಚಿನ ಸಬ್‌ಮರ್ಸಿಬಲ್ ಪಂಪುಗಳ ತಲೆಯಲ್ಲೇ ಒಂದು ಎನ್‌ಆರ್‌ವಿ ಇರುತ್ತದೆ. ಇಳಿಸುವ ಮುಂಚೆ ಒಂದು ಕಡ್ಡಿಯನ್ನು ಒಳಗೆ ಹಾಕಿ ನೋಡಬೇಕು: ತಟ್ಟೆ ಸಡಿಲವಾಗಿ ಆಡಿ ತನ್ನಷ್ಟಕ್ಕೆ ವಾಪಸ್ ಕೂರಬೇಕು. ಇಲ್ಲದಿದ್ದರೆ, ಅಥವಾ ಇದ್ದರೂ ಪ್ಲಾಸ್ಟಿಕ್ಕಿನದಾಗಿದ್ದರೆ, ಪಂಪಿನ ಬಾಯಿಗೆ ನೇರವಾಗಿ ಒಂದು ಹಿತ್ತಾಳೆಯ ಸ್ಪ್ರಿಂಗ್ ವಾಲು ಹಾಕಿಸಿ. ಕಾಲಂ ಪೈಪಿನಲ್ಲಿ (ಗರಣೆಯಿಂದ ಒಂದಕ್ಕೊಂದು ಜೋಡಿಸುವ ಗಟ್ಟಿ ಪೈಪು) ಇಳಿಸುವುದಾದರೆ ಅಲ್ಲಿಂದ ಮೇಲಕ್ಕೆ ಪ್ರತಿ 200 ಅಡಿಗೆ ಇನ್ನೊಂದು. ಸುರುಳಿಯ ಎಚ್‌ಡಿಪಿಇ ಪೈಪಾದರೆ ನಡುವೆ ಕತ್ತರಿಸಿ ವಾಲು ತೂರಿಸುವುದು ಬೇಡ. ಎರಡು ಕಡೆ ಜಾಯಿಂಟು ಸೃಷ್ಟಿಸಿಕೊಂಡಂತೆ, ಪಂಪು ಕಳಚಿ ಬೋರಿಗೆ ಬೀಳುವುದು ಅಲ್ಲಿಂದಲೇ.

ಇಳಿಸುವವರನ್ನು ಒಂದು ಪ್ರಶ್ನೆ ಕೇಳಿ: ವಾಲಿಗೆ ತೂತು ಹಾಕಿದ್ದೀರಾ? 1¼ ಇಂಚಿನ 150 ಅಡಿ ಪೈಪಿನಲ್ಲಿ ನಿಂತ ನೀರೇ ಸುಮಾರು 36 ಕೆ.ಜಿ. ತೂಗುತ್ತದೆ. ಮುಂದೆ ಎತ್ತುವಾಗ ಹಗುರವಾಗಲಿ ಎಂದು ಎನ್‌ಆರ್‌ವಿಗೆ ಸಣ್ಣ ತೂತು ಕೊರೆಯುವವರಿದ್ದಾರೆ. ಎತ್ತುವ ಕೈಗಳಿಗೆ ಅದು ಅನುಕೂಲ, ಒಪ್ಪುವ ಮಾತೇ. ಆದರೆ ಐದು ವರ್ಷಕ್ಕೊಮ್ಮೆ ಎತ್ತುವ ಸುಖಕ್ಕಾಗಿ ದಿನಕ್ಕೆ ಎರಡು ಸಲ ಪೈಪು ಖಾಲಿಯಾಗುತ್ತದೆ. ಎಷ್ಟೇ ಆಳವಿರಲಿ, ಮನೆಯ ಪಂಪಿಗೆ ಅದು ಬೇಡ.

ಕೆಳಗಿನ ವಾಲು ಸೋರಿದಾಗ ಪಂಪು ಎತ್ತುವ ಖರ್ಚಿಗೆ ಹೆದರಿ ಬೋರಿನ ಬಾಯಲ್ಲಿ ಒಂದು ಎನ್‌ಆರ್‌ವಿ ಹಾಕಿ ಮುಗಿಸುವುದು ಸಾಮಾನ್ಯ. ಒಳಗೆ ಆಗುವುದು ಇದು. ಮೇಲಿನ ವಾಲು ಮುಚ್ಚಿದೆ, ಕೆಳಗಿನದು ಸೋರುತ್ತಿದೆ. ನಡುವಿನ ನೀರು ನಿಧಾನವಾಗಿ ಇಳಿಯುತ್ತದೆ. ಮೇಲಿನಿಂದ ಗಾಳಿ ಬರಲು ದಾರಿಯಿಲ್ಲ, ಹಾಗಾಗಿ ಮೇಲಿನ ವಾಲಿನ ಕೆಳಗೆ ಗಾಳಿಯೂ ಇಲ್ಲದ ಬರಿದು ಜಾಗ ಉಂಟಾಗುತ್ತದೆ. ಬೋರಿನ ನೀರಿನ ಮಟ್ಟದಿಂದ ಸುಮಾರು 30 ಅಡಿ ಮೇಲಿನವರೆಗೆ ಮಾತ್ರ ನೀರು ನಿಲ್ಲಬಲ್ಲದು, ಅದರಾಚೆ ಪೂರ್ತಿ ಬರಿದು. ಮೋಟರ್ ಹೊರಟಾಗ ಎದುರು ಒತ್ತಡವೇ ಇಲ್ಲದ ಆ ದಾರಿಯಲ್ಲಿ ನೀರು ಚಿಮ್ಮಿ ಬಂದು ಮುಚ್ಚಿದ ವಾಲಿಗೆ ಅಪ್ಪಳಿಸುತ್ತದೆ. ಆ ಡಬ್ ಸದ್ದು ಅದೇ. ಬೋರಿನ ಬಾಯಿಯ ಎಲ್ಬೋ ಸೀಳುವುದು, ಕಾಲಂ ಪೈಪಿನ ಗರಣೆ ಕಳಚುವುದು ಹೀಗೆ. ಎದುರು ಒತ್ತಡ ಇಲ್ಲದೆ ಹೊರಟ ಪಂಪಿನೊಳಗೆ ತಿರುಗಿ ನೀರು ದೂಡುವ ಇಂಪೆಲ್ಲರ್‌ಗಳು ಮೇಲಕ್ಕೆ ಒತ್ತಿ ಸವೆಯುತ್ತವೆ ಕೂಡ. ಇನ್ನೂ ಒಂದಿದೆ: ಒಳಗೆ ಬರಿದು ಇರುವಷ್ಟು ಹೊತ್ತೂ ಪೈಪು ಹೊರಗಿನದನ್ನು ಹೀರುತ್ತದೆ. ಆ ಭಾಗದಲ್ಲಿ ಒಂದು ಸಡಿಲ ಜಾಯಿಂಟು ಮಣ್ಣಿನಲ್ಲಿ ಹೂತಿದ್ದು, ಪಕ್ಕದಲ್ಲಿ ಕೊಟ್ಟಿಗೆಯ ಗಂಜಲದ ಕಾಲುವೆ ಇದ್ದರೆ ಕುಡಿಯುವ ನೀರಿಗೆ ಏನು ಸೇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕೆಳಗಿನದು ಗಟ್ಟಿಯಾಗಿದ್ದು, ಬೋರಿನಿಂದ ಮನೆಗೆ ದೂರದ ಏರುದಾರಿ ಇದ್ದರೆ ಮೇಲೊಂದು ಹಾಕಬಹುದು. ಸೋರಿಕೆಗೆ ಮದ್ದಾಗಿ ಮಾತ್ರ ಬೇಡ.

ಮುಂಗಾರಿನ ಗಾಳಿಮಳೆಯಲ್ಲಿ ಕರೆಂಟು ಹೋಗಿ ಮೂರು ಸೆಕೆಂಡಿನಲ್ಲಿ ಮತ್ತೆ ಬರುತ್ತದೆ. ವಾಲು ಸೋರುತ್ತಿದ್ದರೆ ಆ ಹೊತ್ತಿನಲ್ಲಿ ಇಳಿಯುವ ನೀರು ಪಂಪನ್ನು ಹಿಂದಕ್ಕೆ ತಿರುಗಿಸುತ್ತಿರುತ್ತದೆ. ಹಿಂದಕ್ಕೆ ತಿರುಗುತ್ತಿರುವಾಗಲೇ ಮೋಟರ್ ಮುಂದಕ್ಕೆ ಎಳೆದರೆ ಶಾಫ್ಟು ಅಥವಾ ಕಪ್ಲಿಂಗ್ ತುಂಡಾಗಬಹುದು. ಆಟೋ ಸ್ಟಾರ್ಟರ್ ಇರುವವರು ಕರೆಂಟು ಬಂದು ಎರಡು–ಮೂರು ನಿಮಿಷದ ಮೇಲೆ ಹೊರಡುವಂತೆ ಪ್ಯಾನೆಲ್‌ನಲ್ಲಿ ಟೈಮರ್ ಹಾಕಿಸಿ. ಕೈಯಲ್ಲಿ ಒತ್ತುವವರು ಅಷ್ಟು ಹೊತ್ತು ಕಾಯಿರಿ.

ಸೋರಿಕೆ ಎಲ್ಲಿದೆ: ಗಡಿಯಾರದಿಂದ ಹುಡುಕುವುದು

ಪಂಪು ಎತ್ತುವ ಮುಂಚೆ ಇದನ್ನು ಮಾಡಿ. ಬೇಕಾದದ್ದು ಒಂದು ಮೊಬೈಲ್, ಟ್ಯಾಂಕಿನ ಹತ್ತಿರ ಒಬ್ಬರು.

ಪಂಪು ಚೆನ್ನಾಗಿ ಓಡುವಾಗ 20 ಲೀಟರಿನ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. 40 ಸೆಕೆಂಡು ಎಂದಿಟ್ಟುಕೊಳ್ಳಿ, ಅಂದರೆ ನಿಮಿಷಕ್ಕೆ 30 ಲೀಟರ್. ಪಂಪು ನಿಲ್ಲಿಸಿ ಐದು ನಿಮಿಷ ಬಿಟ್ಟು ಮತ್ತೆ ಹಾಕಿ, ಟ್ಯಾಂಕಿಗೆ ನೀರು ಬೀಳಲು ಎಷ್ಟು ಸೆಕೆಂಡು ಬೇಕಾಯಿತು ಬರೆದುಕೊಳ್ಳಿ. ಮತ್ತೆ ಒಂದು ರಾತ್ರಿ ಬಿಟ್ಟು, ಆಮೇಲೆ ಎರಡು ರಾತ್ರಿ ಬಿಟ್ಟು ಇದನ್ನೇ ಮಾಡಿ.

1 ಇಂಚಿನ ಪೈಪಿನಲ್ಲಿ ಅಡಿಗೆ ಸುಮಾರು 0.15 ಲೀಟರ್, 1¼ ಇಂಚಿನದರಲ್ಲಿ ಸುಮಾರು 0.24 ಲೀಟರ್ ನೀರು ಹಿಡಿಯುತ್ತದೆ. ಬೋರಿನ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿವರೆಗೆ 200 ಅಡಿ ಪೈಪಿದ್ದರೆ 1¼ ಇಂಚಿಗೆ 48 ಲೀಟರ್. ಪೂರ್ತಿ ಖಾಲಿಯಾಗಿದ್ದರೆ ತುಂಬಲು ಒಂದೂವರೆ ನಿಮಿಷದ ಆಸುಪಾಸು.

ಐದು ನಿಮಿಷಕ್ಕೇ ಅಷ್ಟು ಹೊತ್ತು ಹಿಡಿದರೆ ಫ್ಲಾಪ್ ತೆರೆದೇ ನಿಂತಿದೆ ಅಥವಾ ವಾಲೇ ಇಲ್ಲ. ಐದು ನಿಮಿಷಕ್ಕೆ ಎರಡು ಸೆಕೆಂಡು, ಬೆಳಿಗ್ಗೆ ಒಂದೂವರೆ ನಿಮಿಷ ಎಂದರೆ ಸೀಟಿನಲ್ಲಿ ಕಸ, ನಿಧಾನದ ಸೋರಿಕೆ. ಮೂರನೆಯ ಸಾಧ್ಯತೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ: ಒಂದು ರಾತ್ರಿ ಬಿಟ್ಟರೂ 40 ಸೆಕೆಂಡು, ಎರಡು ರಾತ್ರಿ ಬಿಟ್ಟರೂ ಅದೇ 40 ಸೆಕೆಂಡು. ಅಂದರೆ 20 ಲೀಟರ್ ಇಳಿದು ಅಲ್ಲೇ ನಿಂತಿದೆ. ವಾಲು ಸರಿಯಿದೆ, ಟ್ಯಾಂಕಿನ ಬಾಯಿಂದ 80–90 ಅಡಿ ಕೆಳಗೆ ಪೈಪು ಅಥವಾ ಜಾಯಿಂಟು ಸೋರುತ್ತಿದೆ. ಅದು ಬೋರಿನ ಬಾಯಿಂದ ಮನೆಗೆ ಮಣ್ಣಿನೊಳಗೆ ಹೋಗುವ ಭಾಗವಾಗಿದ್ದರೆ ಪಂಪು ಎತ್ತುವ ಅಗತ್ಯವೇ ಇಲ್ಲ, ದಾರಿಯುದ್ದಕ್ಕೂ ಒದ್ದೆ ಮಣ್ಣು ಹುಡುಕಿ.

ತೆರೆದ ಬಾವಿಯ ಪಂಪಿಗೆ ಇನ್ನೂ ಸುಲಭ. ಬಿರಡೆ ಬಿಚ್ಚಿ ಅಂಚಿನವರೆಗೆ ನೀರು ತುಂಬಿ ನೋಡುತ್ತಾ ನಿಲ್ಲಿ. ಮಟ್ಟ ಇಳಿದರೆ, ಮೊದಲು ಬಾವಿಯ ಮೇಲಿನ ಸಕ್ಷನ್ ಜಾಯಿಂಟುಗಳನ್ನು ಒಣ ಬಟ್ಟೆಯಿಂದ ಒರೆಸಿ ಮುಟ್ಟಿ ನೋಡಿ. ಹನಿ ಕಂಡರೆ ಸೋರಿಕೆ ಅಲ್ಲಿಯದು, ಪಂಪು ಓಡುವಾಗ ಗಾಳಿ ಎಳೆದುಕೊಳ್ಳುವುದೂ ಅಲ್ಲಿಂದಲೇ. ಒಣಗಿದ್ದರೆ ಫುಟ್‌ವಾಲು ಎತ್ತಿ.

ಬಿಚ್ಚಿದಾಗ ಕಾಣುವುದು

ಎತ್ತಿದ ಫುಟ್‌ವಾಲಿನ ಜಾಲರಿ ತೆಗೆದು ಫ್ಲಾಪನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿಯಿರಿ. ರಬ್ಬರಿನ ಮೇಲೆ ಸೀಟು ಒತ್ತಿದ ಗುಂಡನೆಯ ಗೆರೆ ಇರುತ್ತದೆ. ಗೆರೆ ಸುತ್ತಲೂ ಒಂದೇ ಸಮ ಇದ್ದರೆ ರಬ್ಬರು ಚೆನ್ನಾಗಿದೆ. ಒಂದು ಕಡೆ ಗೆರೆ ಮಾಸಿ ಅಲ್ಲಿ ಉಗುರಿಗೆ ಸಿಗುವಂಥ ಕುಳಿ ಇದ್ದರೆ ಅಲ್ಲೊಂದು ಮರಳಿನ ಕಾಳು ತಿಂಗಳುಗಟ್ಟಲೆ ಕೂತಿತ್ತು ಎಂದರ್ಥ. ಕಾಳು ಈಗ ಇಲ್ಲದಿದ್ದರೂ ಕುಳಿ ಸೋರುತ್ತದೆ, ತೊಳೆದರೆ ಸಾಲದು, ರಬ್ಬರು ಬದಲಿಸಬೇಕು.

ಕೆಮ್ಮಣ್ಣಿನ ಸೀಮೆಯ ಬಾವಿಗಳಲ್ಲಿ ತುಕ್ಕಿನ ಬಣ್ಣದ ಲೋಳೆ ತಿರುಗುಣಿಗೆ ಮೆತ್ತಿಕೊಂಡಿರುತ್ತದೆ. ನೀರಿನ ಕಬ್ಬಿಣದ ಅಂಶ ಅದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಬಯಲುಸೀಮೆಯ ಗಡಸು ನೀರಿನಲ್ಲಿ ಸೀಟಿನ ಮೇಲೆ ಬಿಳಿ ಚಕ್ಕೆ ಕಟ್ಟುತ್ತದೆ. ಚಾಕುವಿನಿಂದ ಕೆರೆಯಬೇಡಿ, ಗೀರು ಬಿದ್ದ ಹಿತ್ತಾಳೆ ಮತ್ತೆ ಹಿಡಿಯುವುದಿಲ್ಲ. ರಬ್ಬರು ತೆಗೆದಿಟ್ಟು ಹುಣಸೆಹುಳಿ ನೀರಿನಲ್ಲೋ ವಿನೆಗರ್‌ನಲ್ಲೋ ಒಂದೆರಡು ಗಂಟೆ ನೆನೆಹಾಕಿದರೆ ಚಕ್ಕೆ ತಾನಾಗಿ ಬಿಡುತ್ತದೆ.

ಹೊಸ ವಾಷರ್ ಅಂಗಡಿಯಲ್ಲಿ ಸಿಗದಿದ್ದರೆ 3 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಹಾಳೆಯಿಂದ ಹಳೆಯದನ್ನೇ ಅಚ್ಚಾಗಿಟ್ಟು ಕತ್ತರಿಸಿ. ಸೈಕಲ್ ಟ್ಯೂಬು ತೆಳ್ಳಗೆ, ವಾರದಲ್ಲಿ ಸುರುಟಿಕೊಳ್ಳುತ್ತದೆ. ಹಳೆಯ ಚರ್ಮದ ವಾಷರ್ ಇರುವ ವಾಲನ್ನು ಬಿಸಿಲಿಗೆ ಬಿಡಬೇಡಿ. ಒಣಗಿ ಕುಗ್ಗಿದ ಚರ್ಮ ನೆನೆದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ.

ಫುಟ್‌ವಾಲು ಎತ್ತಿ ನೋಡಲು ಏಪ್ರಿಲ್ ಕೊನೆ ಅತ್ಯುತ್ತಮ ಕಾಲ. ನೀರು ಕೆಳಗಿದೆ, ತಳದ ಕೆಸರು ಎಷ್ಟು ಏರಿದೆ ಎಂದೂ ಕಾಣುತ್ತದೆ. ದೊಡ್ಡ ಮಳೆ ಶುರುವಾದ ಮೇಲೆ ಕದಡಿದ ನೀರು ಇಳಿಯುವವರೆಗೆ ಒಂದೆರಡು ದಿನ ಪಂಪು ಓಡಿಸದಿದ್ದರೆ ಮರಳಿನ ಕಾಟ ಅರ್ಧ ತಪ್ಪುತ್ತದೆ.

ಮನೆಯ ಪ್ರೆಶರ್ ಪಂಪಿನಲ್ಲಿ

ನಲ್ಲಿ ತೆರೆದರೆ ತಾನಾಗಿ ಹೊರಡುವ ಪ್ರೆಶರ್ ಪಂಪಿನಲ್ಲಿ ಕ್ರಮ ಹೀಗೆ: ಪಂಪು, ಎನ್‌ಆರ್‌ವಿ, ನಂತರ ಪ್ರೆಶರ್ ಸ್ವಿಚ್ಚು ಮತ್ತು ಪ್ರೆಶರ್ ಟ್ಯಾಂಕು. ಸ್ವಿಚ್ಚು ವಾಲಿಗಿಂತ ಮೊದಲಿದ್ದರೆ ಪಂಪು ನಿಂತ ಕೂಡಲೇ ಅಲ್ಲಿ ಒತ್ತಡ ಇಳಿದು ಪಂಪು ಮತ್ತೆ ಹೊರಡುತ್ತದೆ. ನಡುರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪು ಹತ್ತು ನಿಮಿಷಕ್ಕೊಮ್ಮೆ ಎರಡು ಸೆಕೆಂಡು ಓಡುತ್ತಿದ್ದರೆ, ಪ್ರೆಶರ್ ಟ್ಯಾಂಕಿನಿಂದ ಮನೆಗೆ ಹೋಗುವ ಗೇಟ್‌ವಾಲು ಮುಚ್ಚಿ ನೋಡಿ. ಆಮೇಲೂ ಓಡಿದರೆ ಎನ್‌ಆರ್‌ವಿ ಸೋರುತ್ತಿದೆ. ನಿಂತರೆ ಮನೆಯೊಳಗೆ ಎಲ್ಲೋ ನಲ್ಲಿ ಅಥವಾ ಕಮೋಡಿನ ಫ್ಲಶ್ ಟ್ಯಾಂಕು ತೊಟ್ಟಿಕ್ಕುತ್ತಿದೆ. ಕರೆಂಟಿಲ್ಲದಾಗ ಮೇಲಿನ ಟ್ಯಾಂಕಿನಿಂದ ನೀರು ಬರಲೆಂದು ಬೈಪಾಸ್ ಪೈಪು ಇಟ್ಟವರು ಅದರಲ್ಲೂ ಒಂದು ಮೆದು ಸ್ಪ್ರಿಂಗಿನ ಅಥವಾ ಫ್ಲಾಪಿನ ವಾಲು ಹಾಕಬೇಕು, ಬಾಣ ಮನೆಯ ಕಡೆಗೆ. ಅದಿಲ್ಲದಿದ್ದರೆ ಪಂಪು ದೂಡಿದ ನೀರು ಬೈಪಾಸಿನಲ್ಲೇ ಸುತ್ತಿ ಪಂಪಿನ ಬಾಯಿಗೆ ವಾಪಸ್ ಬರುತ್ತದೆ, ಷವರ್‌ನಲ್ಲಿ ಒತ್ತಡ ಏರುವುದೇ ಇಲ್ಲ.